ಎಮ್ಮೆಯನ್ನು ಹೊರಗೆ ಕಳಿಸಿದ ಮೇಲೆ: ಭರತಪುರದ ಜೌಗಿನಲ್ಲಿ ಆದದ್ದು

ಎಮ್ಮೆ ಕೆರೆಗೆ ಇಳಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆ ಏರಿಯ ಮೇಲೆ ಕೂತು ದಿನಾ ನೋಡುತ್ತಿದ್ದೆ. ಅದಕ್ಕೆ ಅವಸರವೇ ಇರುವುದಿಲ್ಲ. ಮುಂಗಾಲು ಕೆಸರಿಗೆ ಇಟ್ಟು ಒಂದು ಸಲ ಊದುತ್ತದೆ. ಆಮೇಲೆ ಎದೆಯಿಂದ ಜೊಂಡನ್ನು ಸೀಳಿಕೊಂಡು ಒಳಗೆ ನಡೆಯುತ್ತದೆ. ಮೂತಿಯನ್ನು ನೀರಿನೊಳಗೆ ತೂರಿಸಿ, ಹುಲ್ಲಿನ ಬುಡ ಕಚ್ಚಿ, ತಲೆ ಅಲ್ಲಾಡಿಸಿ ಕಿತ್ತು ಮೇಲೆತ್ತುತ್ತದೆ. ಬಾಯಿಂದ ಹಸಿರು ನೇತಾಡುತ್ತಿರುತ್ತದೆ, ಅದರಿಂದ ನೀರು ಸೋರುತ್ತಿರುತ್ತದೆ. ಹೊಟ್ಟೆ ತುಂಬಿದ ಮೇಲೆ ಒಂದು ಕಡೆ ಮಗ್ಗುಲಾಗಿ ಬಿದ್ದುಕೊಂಡು ಹೊರಳುತ್ತದೆ. ಎದ್ದು ಹೋದ ಮೇಲೆ ಅಲ್ಲಿ ತೊಟ್ಟಿಯಷ್ಟು ಅಗಲದ ಗುಂಡಿ. ಅದು ನಡೆದು ಬಂದ ದಾರಿಯಲ್ಲಿ ಹುಲ್ಲು ಇಬ್ಭಾಗವಾಗಿ ಬರೀ ನೀರು ಕಾಣುತ್ತದೆ. ಬೆಳ್ಳಕ್ಕಿಗಳು ಅದೇ ದಾರಿ ಹಿಡಿದು ಹಿಂದೆ ಹಿಂದೆ ಹೋಗುತ್ತವೆ.

ಒಂದು ಸಲ ನಮ್ಮ ಅಜ್ಜನನ್ನು ಕೇಳಿದ್ದೆ, "ಅಜ್ಜ, ನೀರೆಲ್ಲ ಕೆಡ್ತದಲ್ವಾ?" ಅಜ್ಜ ತಿರುಗಿಯೂ ನೋಡಲಿಲ್ಲ. "ಕೆಡಲಿ ಬಿಡು ಪುಟ್ಟಿ, ಸಂಜೆಗೆ ತಿಳಿಯಾಗ್ತದೆ" ಅಂದ.

ಭರತಪುರದ ಕತೆ ಓದಿದಾಗೆಲ್ಲ ನನಗೆ ಆ ಕೆರೆಯೇ ನೆನಪಾಗುತ್ತದೆ. ರಾಜಸ್ಥಾನದ ಕಿಯೋಲಾದೇವ್ ಘನಾ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ, ದನಗಳನ್ನು ಪೂರ್ತಿ ಹೊರಗೆ ಹಾಕಿದರು. ಹಕ್ಕಿಗಳಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಆದದ್ದು ಬೇರೆ. ಏನಾಯಿತು, ಯಾಕಾಯಿತು ಅನ್ನುವುದನ್ನು ಇಲ್ಲಿ ಮೊದಲಿನಿಂದ ಬಿಡಿಸಿ ನೋಡೋಣ.

ಜನ ಕಟ್ಟಿದ ಜೌಗು

ಭರತಪುರ ಮೂಲತಃ ಒಂದು ತಗ್ಗು ಪ್ರದೇಶ. ಗಂಭೀರ್ ಮತ್ತು ಬಾಣಗಂಗಾ ಎಂಬ ಎರಡು ನದಿಗಳು ಹತ್ತಿರದಲ್ಲೇ ಹರಿಯುತ್ತವೆ. ಮಳೆಗಾಲದಲ್ಲಿ ಊರಿಗೆ ನೆರೆ ನುಗ್ಗುತ್ತಿತ್ತು. 18ನೇ ಶತಮಾನದಲ್ಲಿ ಅಲ್ಲಿನ ದೊರೆ ಸೂರಜ್ ಮಲ್ ಅಜಾನ್ ಬಂದ್ ಎಂಬ ದೊಡ್ಡ ಏರಿ ಕಟ್ಟಿಸಿದ. 19ನೇ ಶತಮಾನದ ಕೊನೆಗೆ ಆ ಏರಿಯಿಂದ ಕಾಲುವೆ ತೆಗೆದು, ತಗ್ಗಿನೊಳಗೆ ಸಣ್ಣ ಸಣ್ಣ ಏರಿ ಹಾಕಿ, ತೂಬುಗಳನ್ನಿಟ್ಟು, ನೀರು ನಿಲ್ಲಿಸಿದರು. ಬಾತುಕೋಳಿ ಬೇಟೆಗೆ ಅಂತ ಮಾಡಿದ ಜಾಗ ಅದು. ಅಂದರೆ ಈ ಜೌಗು ತಾನಾಗಿ ಹುಟ್ಟಿದ್ದಲ್ಲ. ನಮ್ಮ ಕಡೆಯ ಕೆರೆಗಳ ಹಾಗೆ ಜನ ಕಟ್ಟಿದ್ದು, ಜನ ನೋಡಿಕೊಂಡಿದ್ದು. ಒಳಗಿರುವ ಶಿವನ ಗುಡಿ ಕೇವಲದೇವನದು. ಕಿಯೋಲಾದೇವ್ ಅನ್ನುವ ಹೆಸರು ಬಂದದ್ದು ಅದರಿಂದ. ಘನಾ ಅಂದರೆ ದಟ್ಟ ಕಾಡು.

ಗುಡಿಯ ಹತ್ತಿರ ಕಲ್ಲಿನ ಮೇಲೆ ಬೇಟೆಯ ಲೆಕ್ಕ ಕೆತ್ತಿಸಿದ್ದಾರೆ. ಯಾವ ದಿನ, ಎಷ್ಟು ಕೋವಿ, ಎಷ್ಟು ಹಕ್ಕಿ ಎಲ್ಲ ಇದೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಿದ್ದಾಗ ಒಂದೇ ದಿನ ಹೊಡೆದ ಹಕ್ಕಿ 4,273. ಆ ಅಂಕಿ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜೊತೆಗೆ ಅದು ಇನ್ನೊಂದು ವಿಷಯವನ್ನೂ ಹೇಳುತ್ತದೆ: ಆ ಕಾಲದಲ್ಲಿ ಅಲ್ಲಿ ಅಷ್ಟು ಬಾತುಕೋಳಿ ಇಳಿಯುವಷ್ಟು ತೆರೆದ ನೀರಿತ್ತು. ಬಾತುಕೋಳಿ ಹುಲ್ಲಿನ ಮೇಲೆ ಇಳಿಯುವುದಿಲ್ಲ.

ಉದ್ಯಾನದ ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ 7,000 ಎಕರೆ. ನೀರು ನಿಲ್ಲುವುದು ಅದರ ಮೂರನೇ ಒಂದು ಭಾಗದಲ್ಲಿ. ಉಳಿದದ್ದು ಹುಲ್ಲುಗಾವಲು, ಜಾಲಿ, ಕುರುಚಲು ಕಾಡು. ಲಾವಂಚ ಬೆಳೆಯುವ ಬಯಲೂ ಇದೆ. ಮಳೆಗಾಲದಲ್ಲಿ ನೀರು ಒಂದೆರಡು ಮೀಟರ್ ಆಳ ಇರುತ್ತದೆ. ಅಕ್ಟೋಬರ್‌ನಿಂದ ಇಳಿಯುತ್ತಾ ಹೋಗಿ, ಫೆಬ್ರವರಿಯಲ್ಲಿ ನೆಲ ಒಣಗಲು ಶುರುವಾಗಿ, ಜೂನ್ ಹೊತ್ತಿಗೆ ಅಲ್ಲಲ್ಲಿ ಹೊಂಡಗಳಷ್ಟೇ ಉಳಿಯುತ್ತವೆ. ಈ ಏರಿಳಿತವೇ ಜೌಗಿನ ಉಸಿರು. ಆಳವಿರುವ ಕಡೆ ನೀರುಕಾಗೆ ಮತ್ತು ಹಾವಕ್ಕಿ ಮುಳುಗಿ ಮೀನು ಹಿಡಿಯುತ್ತವೆ. ಮೊಣಕಾಲುದ್ದ ನೀರಿನಲ್ಲಿ ಬಣ್ಣದ ಕೊಕ್ಕರೆ ಬಾಯಿ ತೆರೆದು ಕೊಕ್ಕು ಅದ್ದಿ ನಡೆಯುತ್ತದೆ. ನೈದಿಲೆ ಎಲೆಯ ಮೇಲೆ ದೇವನಕ್ಕಿ ಉದ್ದುದ್ದ ಬೆರಳು ಚಾಚಿ ಓಡುತ್ತದೆ. ನೀರಿನೊಳಗಿನ ಪಾಚಿಗಿಡಗಳನ್ನು ನಾಮಗೋಳಿ ಎಳೆದು ತಿನ್ನುತ್ತದೆ. ಅಂಚಿನ ಕೆಸರಿನಲ್ಲಿ ಗದ್ದೆಗೊರವಗಳ ಕೆಲಸ. ನೀರು ಇಳಿದ ಹಾಗೆ ಒಂದೊಂದು ಹಕ್ಕಿಯ ಸರದಿ ಬರುತ್ತದೆ.

ಹಾಗಾಗಿಯೇ ಆ ಸಣ್ಣ ಜಾಗದಲ್ಲಿ 350ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. 1981ರಲ್ಲಿ ಒಡಿಶಾದ ಚಿಲಿಕಾ ಜೊತೆಗೆ ಭಾರತದ ಮೊದಲ ರಾಮ್ಸಾರ್ ತಾಣವಾಯಿತು. ಜಗತ್ತಿನ ಮಹತ್ವದ ಜೌಗುಗಳನ್ನು ಕಾಪಾಡುವ ಒಪ್ಪಂದದ ಪಟ್ಟಿ ಅದು. 1985ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇವೆರಡರ ನಡುವೆ ನಡೆದದ್ದು ನಮ್ಮ ಪ್ರಕರಣ.

1982ರ ನವೆಂಬರ್

ಸುತ್ತಲಿನ ಹಳ್ಳಿಗಳವರು ತಲೆಮಾರುಗಳಿಂದ ಘನಾದೊಳಗೆ ಎಮ್ಮೆ, ದನ ಮೇಯಿಸುತ್ತಿದ್ದರು. ಹುಲ್ಲು ಕೊಯ್ಯುತ್ತಿದ್ದರು, ಸೌದೆ ಆಯುತ್ತಿದ್ದರು, ಲಾವಂಚದ ಬೇರು ಅಗೆಯುತ್ತಿದ್ದರು. ಬೇಟೆಯ ಕಾಲದಲ್ಲೂ ಇದು ನಡೆದೇ ಇತ್ತು.

ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದಾಗ ಇದೆಲ್ಲ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯುವ ಹಾಗೇ ಇಲ್ಲ. ಅಭಯಾರಣ್ಯವಾಗಿದ್ದರೆ ಸ್ವಲ್ಪ ಅವಕಾಶ ಇರುತ್ತಿತ್ತು. ಕಾನೂನಿನ ಜೊತೆಗೆ ಪಕ್ಷಿತಜ್ಞರ ಒತ್ತಾಯವೂ ಇತ್ತು. ಎಮ್ಮೆಗಳು ಹಕ್ಕಿಗಳ ಮೇವು ತಿನ್ನುತ್ತವೆ, ಜೌಗನ್ನು ತುಳಿದು ಹಾಳು ಮಾಡುತ್ತವೆ ಎಂಬುದು ಆ ಕಾಲದಲ್ಲಿ ಬಹುಮಂದಿ ಒಪ್ಪಿದ್ದ ಮಾತು. ಸಲೀಂ ಅಲಿ ಅವರೂ ಹಾಗೇ ನಂಬಿದ್ದರು. ನಮ್ಮ ರಂಗನತಿಟ್ಟು ಉಳಿದದ್ದು ಅವರ ಮಾತಿನಿಂದ, ಅದು ನೆನಪಿರಲಿ. ಅವರ ಕಾಳಜಿಯಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೆ ಆಗ ಯಾರ ಕೈಯಲ್ಲೂ ಅಳೆದು ನೋಡಿದ ಲೆಕ್ಕ ಇರಲಿಲ್ಲ.

1982ರ ನವೆಂಬರ್‌ನಲ್ಲಿ ನಿಷೇಧ ಬಂತು. ಹಳ್ಳಿಯವರಿಗೆ ಬೇರೆ ಹುಲ್ಲುಗಾವಲು ತೋರಿಸಿರಲಿಲ್ಲ. ಎಮ್ಮೆ ಸಾಕಿ ಹಾಲು ಮಾರಿ ಬದುಕುವವರಿಗೆ ಮೇವು ಅಂದರೆ ಅನ್ನವೇ ತಾನೇ? ಜನ ಎದುರು ನಿಂತರು, ಬಲವಂತವಾಗಿ ಒಳಗೆ ನುಗ್ಗಲು ನೋಡಿದರು. ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಜೌಗಿನ ಬಗ್ಗೆ ಬರೆಯುವ ಎಷ್ಟೋ ಬರಹಗಳಲ್ಲಿ ಈ ಸಾವು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹಾಗೆ ಆಗಬಾರದು. ಒಂದು ಹಕ್ಕಿಧಾಮದ ಅಂಚಿನಲ್ಲಿ, ಮೇವಿಗಾಗಿ, ಜನ ಸತ್ತರು. ಮುಂದೆ ಹೇಳುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಬೇಕು ಅಂತ ನನ್ನ ಕೋರಿಕೆ.

ಹುಲ್ಲು ಏನು ಮಾಡಿತು

ಇಲ್ಲಿ ಮುಖ್ಯ ಪಾತ್ರ ಒಂದು ಹುಲ್ಲಿನದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಪ್ಯಾಸ್ಪಾಲಮ್ ಡಿಸ್ಟಿಕಮ್ ಎನ್ನುತ್ತಾರೆ. ನಮ್ಮ ಸಿರಿಧಾನ್ಯ ಹಾರಕ ಇದೆಯಲ್ಲ, ಅದೂ ಪ್ಯಾಸ್ಪಾಲಮ್ ಕುಲದ್ದೇ. ಹಾಗಾಗಿ ಈ ಹುಲ್ಲು ಹಾರಕಕ್ಕೆ ಹತ್ತಿರದ ನೆಂಟ. ಆದರೆ ಸ್ವಭಾವದಲ್ಲಿ ಗರಿಕೆಯ ಹಾಗೆ. ತೋಟದಲ್ಲಿ ಗರಿಕೆ ಕಿತ್ತವರಿಗೆ ಗೊತ್ತು: ಒಂದು ಎಳೆ ಹಿಡಿದು ಎಳೆದರೆ ಮಾರುದ್ದ ಬರುತ್ತದೆ, ಗೆಣ್ಣು ಗೆಣ್ಣಿಗೂ ಬೇರು, ಒಂದು ತುಂಡು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಇದೂ ಹಾಗೇ, ಒಂದೇ ವ್ಯತ್ಯಾಸ. ಗರಿಕೆ ಒಣ ನೆಲದ ಮೇಲೆ ಹರಿದರೆ ಇದು ನೀರಿನ ಮೇಲೆ ಹರಿಯುತ್ತದೆ. ದಡದಲ್ಲಿ ಬೇರು ಇಟ್ಟುಕೊಂಡು ಕುಡಿಗಳನ್ನು ನೀರಿನ ಮೇಲೆ ಚಾಚುತ್ತದೆ. ಕುಡಿಯ ಮೇಲೆ ಕುಡಿ ಹೆಣೆದು ದಪ್ಪ ಚಾಪೆಯಾಗುತ್ತದೆ. ನೀರು ಏರಿದರೆ ಅದೂ ಉದ್ದವಾಗುತ್ತದೆ.

ಎಮ್ಮೆಗೆ ಈ ಹುಲ್ಲು ಬಹಳ ಇಷ್ಟ. ಮೆತ್ತಗಿರುತ್ತದೆ, ರಸ ಇರುತ್ತದೆ, ಮೈ ತಣ್ಣಗಿಟ್ಟುಕೊಂಡು ಮೇಯಬಹುದು. ಸಾವಿರಾರು ಬಾಯಿಗಳು ವರ್ಷವಿಡೀ ತಿನ್ನುತ್ತಿದ್ದದ್ದರಿಂದ ಹುಲ್ಲು ಅಂಕೆಯಲ್ಲಿತ್ತು. ಆ ಬಾಯಿಗಳು ಒಮ್ಮೆಲೇ ಇಲ್ಲವಾದವು. ಕೆಲವೇ ವರ್ಷದಲ್ಲಿ ಚಾಪೆ ನೀರಿನ ಬಹುಭಾಗವನ್ನು ಮುಚ್ಚಿತು.

ಮುಚ್ಚಿದ ಮೇಲೆ ಒಂದರ ಹಿಂದೆ ಒಂದು ತೊಂದರೆ. ಚಾಪೆಯ ಕೆಳಗೆ ಬಿಸಿಲು ಇಳಿಯುವುದಿಲ್ಲ. ನೀರಿನೊಳಗೆ ಬೆಳೆಯುವ ಗಿಡಗಳು ಸೊರಗುತ್ತವೆ, ನೈದಿಲೆಗೆ ಎಲೆ ಬಿಚ್ಚಲು ಜಾಗವಿಲ್ಲ. ಗಾಳಿ ತಾಗದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಕಷ್ಟ. ಮೀನಿದ್ದರೂ ಕೊಕ್ಕರೆಗೆ ಕಾಣುವುದಿಲ್ಲ. ಬಾತುಕೋಳಿ, ನಾಮಗೋಳಿ, ಹೆಬ್ಬಾತುಗಳಿಗೆ ಇಳಿಯಲು ತೆರೆದ ನೀರು ಬೇಕು, ಏಳಲೂ ಬೇಕು. ನಾಮಗೋಳಿಯಂತೂ ನೀರಿನ ಮೇಲೆ ಪಟಪಟ ಓಡಿಯೇ ಮೇಲೇಳುವ ಹಕ್ಕಿ. ಹುಲ್ಲಿನೊಳಗೆ ಅದಕ್ಕೆ ಓಟವೇ ಇಲ್ಲ. ನೇರಳೆ ಜಂಬುಕೋಳಿಯಂಥ, ಪೊದೆಯಲ್ಲಿ ನುಸುಳುವ ಹಕ್ಕಿಗೆ ಅಷ್ಟು ತೊಂದರೆಯಿಲ್ಲ. ಆದರೆ ಭರತಪುರ ಹೆಸರಾದದ್ದು ತೆರೆದ ನೀರಿನ ಹಕ್ಕಿಗಳಿಂದ.

ಇಷ್ಟಕ್ಕೇ ಮುಗಿಯಲಿಲ್ಲ. ಯಾರೂ ತಿನ್ನದ ಹುಲ್ಲು ಸತ್ತು ತಳಕ್ಕೆ ಇಳಿಯಿತು. ವರ್ಷ ವರ್ಷ ಪದರ ಪದರವಾಗಿ ಕೂತಿತು. ತಳ ಮೇಲೆ ಬಂತು, ನೀರು ತೆಳುವಾಯಿತು. ತೆಳು ನೀರು ಅಂದರೆ ಹುಲ್ಲಿಗೆ ಇನ್ನೂ ಸುಲಭ. ನಮ್ಮಲ್ಲಿ ಕೆರೆಗೆ ಹೂಳು ಹೊರಗಿನಿಂದ ಹರಿದು ಬರುತ್ತದೆ ಅಂತ ಮಾತ್ರ ಅಂದುಕೊಳ್ಳುತ್ತೇವೆ. ಕೆರೆ ತನ್ನೊಳಗಿನ ಗಿಡದಿಂದಲೂ ಹೂಳು ಮಾಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಹುಲ್ಲಿಗೆ ಬೆಂಕಿಯ ಭಯ ಬೇರೆ. ಯಂತ್ರ ಇಳಿಸಿ ಕಿತ್ತರು, ಸುಟ್ಟೂ ನೋಡಿದರು. ಮಳೆ ಬಂದ ಕೂಡಲೇ ಹುಲ್ಲು ಮತ್ತೆ ಬಂತು.

ಹತ್ತು ವರ್ಷ ಎಣಿಸಿದವರು

ಈ ಪ್ರಕರಣ ಸುಮ್ನೆ ಅವರಿವರ ಮಾತಾಗಿ ಉಳಿಯದೆ ಲೆಕ್ಕ ಸಿಕ್ಕಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ. 1980ರಲ್ಲೇ ಅವರು ಅಲ್ಲಿ ದೀರ್ಘ ಅಧ್ಯಯನ ಶುರುಮಾಡಿದ್ದರು. ವಿ.ಎಸ್. ವಿಜಯನ್ ಅವರ ಮುಂದಾಳತ್ವದಲ್ಲಿ 1990ರವರೆಗೆ ನಡೆಯಿತು. ನೀರಿನ ಗುಣ, ಗಿಡ, ಮೀನು, ಹಕ್ಕಿ ಎಲ್ಲವನ್ನೂ ತಂಡ ನೋಡಿತು. ನಿಷೇಧಕ್ಕೆ ಎರಡು ವರ್ಷ ಮೊದಲೇ ಶುರುವಾದದ್ದರಿಂದ ಎಮ್ಮೆ ಇದ್ದ ಜೌಗು, ಎಮ್ಮೆ ಇಲ್ಲದ ಜೌಗು ಎರಡೂ ಅವರ ಕಣ್ಣೆದುರು ಬಂದವು. ಇದು ಯಾರೂ ಯೋಜಿಸದೆ ಸಿಕ್ಕ ಪ್ರಯೋಗ.

1991ರ ಅಂತಿಮ ವರದಿ ಹೇಳಿದ್ದು ಸ್ಪಷ್ಟ. ಎಮ್ಮೆಯ ಮೇವು ಈ ಜೌಗಿಗೆ ಹಾನಿಯಲ್ಲ, ಅಗತ್ಯ. ಹುಲ್ಲು ಅಂಕೆ ಮೀರಿದ್ದರಿಂದ ಬಾತುಕೋಳಿ ಮತ್ತಿತರ ನೀರುಹಕ್ಕಿಗಳು ಕಡಿಮೆಯಾಗಿವೆ. ಮಿತಿಯಲ್ಲಿ ಎಮ್ಮೆ ಮೇಯಿಸುವುದಕ್ಕೆ ಮತ್ತೆ ಅವಕಾಶ ಕೊಡಬೇಕು.

ನಿಷೇಧ ಬೇಕು ಎಂದಿದ್ದ ಸಂಸ್ಥೆಯೇ ತನ್ನ ಲೆಕ್ಕ ನೋಡಿ ಮಾತು ಬದಲಿಸಿತು. ಇದನ್ನು ನಾನು ತುಂಬ ಗೌರವದಿಂದ ಹೇಳುತ್ತೇನೆ. ಹತ್ತು ವರ್ಷ ದುಡಿದ ಮೇಲೆ "ನಾವು ಅಂದುಕೊಂಡಿದ್ದು ತಪ್ಪು" ಎಂದು ಬರೆಯುವುದು ಸುಲಭವಲ್ಲ. ಆ ಸಂಸ್ಥೆಯ ಜೊತೆಗೇ ದುಡಿದ ಸಲೀಂ ಅಲಿ ಅವರು ಇದನ್ನು ನೋಡಲು ಇರಲಿಲ್ಲ, 1987ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಎಮ್ಮೆ ಮತ್ತೆ ಒಳಗೆ ಬಂತಾ? ಇಲ್ಲ. ಕಾಯ್ದೆ ಅಡ್ಡ ನಿಂತಿತು. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯುವಂತಿಲ್ಲ ಎಂದರೆ ಮೇಯುವಂತಿಲ್ಲ. ಹುಲಿ ಕಾಡಿಗೂ ಹಕ್ಕಿ ಕೆರೆಗೂ ಒಂದೇ ನಿಯಮ. ಸಿಕ್ಕ ದಾರಿ ಒಂದೇ: ಹಳ್ಳಿಯವರು ಒಳಗೆ ಬಂದು ಹುಲ್ಲು ಕೊಯ್ದು ಹೊತ್ತುಕೊಂಡು ಹೋಗಲು ಅನುಮತಿ. ಎಮ್ಮೆ ನಡೆದುಬಂದು ತಿನ್ನುತ್ತಿದ್ದ ಹುಲ್ಲು ಈಗ ತಲೆಯ ಮೇಲೆ ಹೊರೆಯಾಗಿ ಅದೇ ಎಮ್ಮೆಯ ಕೊಟ್ಟಿಗೆಗೆ ಹೋಗುತ್ತದೆ. ಇದರಿಂದ ಹಳ್ಳಿಗೆ ಅನುಕೂಲವಾಯಿತು, ಜೌಗಿಗೂ ಸ್ವಲ್ಪ ಆಯಿತು. ಆದರೆ ಕುಡುಗೋಲು ಎಮ್ಮೆಯ ಕೆಲಸ ಮಾಡುವುದಿಲ್ಲ. ಕುಡುಗೋಲು ನೀರಿನ ಮೇಲಿನದನ್ನು ಕೊಯ್ಯುತ್ತದೆ, ಎಮ್ಮೆ ನೀರಿನೊಳಗಿನ ಬುಡ ಕೀಳುತ್ತದೆ. ಎಮ್ಮೆ ತುಳಿಯುತ್ತದೆ, ಹೊರಳಿ ಗುಂಡಿ ಮಾಡುತ್ತದೆ, ಸಗಣಿ ಹಾಕುತ್ತದೆ. ಆ ಸಗಣಿಯಿಂದ ನೀರಿನಲ್ಲಿ ಹುಳು, ಹುಳುವಿನಿಂದ ಮೀನುಮರಿ.

ಎಮ್ಮೆ ಎಷ್ಟಿದ್ದರೂ ಒಳ್ಳೆಯದೇ ಅಂತ ಅಲ್ಲ. ಜಾಸ್ತಿಯಾದರೆ ಗೂಡು ತುಳಿಯುತ್ತವೆ, ಸಾರಸದಂಥ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಕಷ್ಟ, ದಡ ಬೋಳಾಗುತ್ತದೆ. ಎಷ್ಟು ಎಮ್ಮೆ, ಯಾವ ತಿಂಗಳು, ಯಾವ ಭಾಗದಲ್ಲಿ ಎಂಬುದು ಮುಖ್ಯ. ಭರತಪುರದ ಜೌಗು ಸಣ್ಣ ಏರಿಗಳಿಂದ ಭಾಗ ಭಾಗವಾಗಿಯೇ ಇದೆ. ಒಂದು ಭಾಗದಲ್ಲಿ ಎಮ್ಮೆ ಬಿಟ್ಟು, ಪಕ್ಕದ ಭಾಗದಲ್ಲಿ ಬಿಡದೆ, ಎರಡು ವರ್ಷ ನೋಡಬಹುದಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಪ್ಪು ಇದೇ. ನಿಷೇಧ ಹಾಕಿದ್ದಕ್ಕಿಂತ, ಎಲ್ಲ ಕಡೆ ಒಂದೇ ದಿನ ಹಾಕಿದ್ದು.

ಬಿಳಿ ಕ್ರೌಂಚ

ಭರತಪುರ ಅಂದರೆ ಜನ ಸೈಬೀರಿಯಾದ ಬಿಳಿ ಕ್ರೌಂಚವನ್ನು ನೆನೆಯುತ್ತಾರೆ. ಹಾಲಿನಂಥ ಮೈ, ಕೆಂಪು ಮುಖ. ರೆಕ್ಕೆ ಬಿಚ್ಚಿದಾಗ ಮಾತ್ರ ತುದಿಯ ಕಪ್ಪು ಗರಿ ಕಾಣುತ್ತದೆ. ರಷ್ಯಾದ ಓಬ್ ನದಿಯ ಕಡೆ ಮರಿ ಮಾಡಿ, ಕಜಕಸ್ತಾನ, ಅಫ್ಘಾನಿಸ್ತಾನ ದಾಟಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದವು. 1960ರ ದಶಕದಲ್ಲಿ ಸುಮಾರು 200 ಇದ್ದವು. ವರ್ಷ ವರ್ಷ ಇಳಿದು ಕೊನೆಗೆ ಒಂದು ಜೋಡಿ ಉಳಿಯಿತು. 2002ರ ಚಳಿಗಾಲ ಮುಗಿದು ಆ ಜೋಡಿ ಹೋದದ್ದೇ ಕೊನೆ. ಮತ್ತೆ ಬರಲಿಲ್ಲ.

ಈ ಕ್ರೌಂಚ ಇಲ್ಲಿ ತಿನ್ನುತ್ತಿದ್ದದ್ದು ಹೆಚ್ಚಾಗಿ ಜೇಕಿನಂಥ ಗಿಡಗಳ ಗಡ್ಡೆ. ತೆಳು ನೀರಿನಲ್ಲಿ ನಿಂತು, ಕೊಕ್ಕನ್ನು ಕೆಸರಿಗೆ ಊರಿ, ಅಗೆದು ಅಗೆದು ಗಡ್ಡೆ ತೆಗೆಯುತ್ತಿತ್ತು. ಮೇಲೆ ಹುಲ್ಲಿನ ಚಾಪೆ ಹೆಣೆದುಕೊಂಡರೆ ಕೊಕ್ಕು ಎಲ್ಲಿ ಊರುವುದು? ರಾಮ್ಸಾರ್ ಒಪ್ಪಂದದವರು 1990ರಲ್ಲಿ ಕಿಯೋಲಾದೇವ್ ಹೆಸರನ್ನು ಮಾಂಟ್ರೋ ದಾಖಲೆಗೆ ಸೇರಿಸಿದರು. ಸ್ವರೂಪ ಕೆಡುತ್ತಿರುವ ಜೌಗುಗಳ ಪಟ್ಟಿ ಅದು. ಕೊಟ್ಟ ಕಾರಣಗಳಲ್ಲಿ ನೀರಿನ ಕೊರತೆ, ಹದ ತಪ್ಪಿದ ಮೇವು, ಮತ್ತು ಈ ಹುಲ್ಲು ಹಬ್ಬಿ ಕ್ರೌಂಚದಂಥ ಹಕ್ಕಿಗೆ ಜಾಗ ಇಲ್ಲದಂತಾದದ್ದು ಮೂರೂ ಇವೆ.

ಆದರೆ ಕ್ರೌಂಚ ಮಾಯವಾದದ್ದಕ್ಕೆ ಹುಲ್ಲನ್ನೊಂದೇ ಹೊಣೆ ಮಾಡುವುದು ನ್ಯಾಯವಲ್ಲ. 1982ಕ್ಕೆ ಮೊದಲೇ ಸಂಖ್ಯೆ ಬಹಳ ಇಳಿದಿತ್ತು. ಸಾವಿರಾರು ಕಿಲೋಮೀಟರ್ ದಾರಿಯಲ್ಲಿ ಬೇಟೆ, ಅಫ್ಘಾನಿಸ್ತಾನದ ಯುದ್ಧ, ಬತ್ತುವ ತಂಗುದಾಣಗಳು ಎಲ್ಲವೂ ಸೇರಿವೆ. ಇದು ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ ಬೆಳೆಸುವ ಹಕ್ಕಿ. ದಾರಿಯಲ್ಲಿ ಒಂದು ಸತ್ತರೆ ತುಂಬಿಕೊಳ್ಳಲು ವರ್ಷಗಳೇ ಬೇಕು. ಸಾಕಿದ ಮರಿಗಳನ್ನು 1990ರ ದಶಕದಲ್ಲಿ ತಂದು ಇಲ್ಲಿನ ಕ್ರೌಂಚಗಳ ಜೊತೆ ಬಿಟ್ಟು ನೋಡಿದರು. ದಾರಿ ಕಲಿಸುವ ಹಿರಿಯ ಹಕ್ಕಿಗಳೇ ಬೆರಳೆಣಿಕೆಯಷ್ಟು ಉಳಿದಿದ್ದವು. ಆ ಪ್ರಯತ್ನ ಕೈಗೂಡಲಿಲ್ಲ. ಇದೇ ಜಾತಿಯ ಪೂರ್ವದ ಗುಂಪು ಚೀನಾದ ಪೊಯಾಂಗ್ ಸರೋವರದಲ್ಲಿ ಇಂದಿಗೂ ಸಾವಿರಗಳಲ್ಲಿ ಚಳಿಗಾಲ ಕಳೆಯುತ್ತದೆ. ಭಾರತಕ್ಕೆ ಬರುತ್ತಿದ್ದ ಗುಂಪು ಮಾತ್ರ ಅಳಿಯಿತು.

ನೀರು ಬರಲಿಲ್ಲ

ಹುಲ್ಲಿನ ಜಗಳ ನಡೆಯುತ್ತಿರುವಾಗಲೇ ಇನ್ನೊಂದು ಕಡೆಯಿಂದ ದೊಡ್ಡ ಪೆಟ್ಟು ಬಿತ್ತು. ಗಂಭೀರ್ ನದಿಗೆ ಮೇಲ್ಗಡೆ, ಕರೌಲಿ ಜಿಲ್ಲೆಯಲ್ಲಿ, ಪಾಂಚನಾ ಎಂಬ ಅಣೆಕಟ್ಟು ಇದೆ. 2000ದ ನಂತರದ ವರ್ಷಗಳಲ್ಲಿ ಅಲ್ಲಿಂದ ಭರತಪುರದ ಕಡೆ ನೀರು ಬಿಡುವುದು ಬಹುತೇಕ ನಿಂತಿತು. ಮೇಲಿನ ರೈತರು ನಮಗೇ ಸಾಲದು ಅಂದರು. ಬರಗಾಲ ಬೇರೆ. ಕಾವೇರಿ ನೀರಿಗಾಗಿ ನಾವು ಬೀದಿಗಿಳಿದವರು, ಆ ರೈತರ ಮಾತು ನಮಗೆ ಅರ್ಥವಾಗದೇ ಇರುತ್ತದಾ?

ಕಿಯೋಲಾದೇವ್‌ಗೆ ವರ್ಷಕ್ಕೆ ಬೇಕಾದದ್ದು ಸುಮಾರು 550 ದಶಲಕ್ಷ ಘನ ಅಡಿ. ನಮ್ಮ ಲೆಕ್ಕದಲ್ಲಿ ಅರ್ಧ ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಕನ್ನಂಬಾಡಿ ತುಂಬಿದಾಗ ಸುಮಾರು 49 ಟಿಎಂಸಿ ಇರುತ್ತದೆ. ಹೋಲಿಸಿದರೆ ಇದು ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ಅಷ್ಟೂ ಸಿಗದ ವರ್ಷಗಳಲ್ಲಿ ಜೌಗು ಬಿರುಕು ಬಿಟ್ಟ ನೆಲವಾಯಿತು. ಗೂಡು ಕಟ್ಟಲು ಕೊಕ್ಕರೆಗಳು ಬರಲಿಲ್ಲ.

ನೀರಿಲ್ಲದ ನೆಲಕ್ಕೆ ಬೇರೆ ಗಿಡ ಬಂತು. ನಮ್ಮ ಓದುಗರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ: ಬಳ್ಳಾರಿ ಜಾಲಿ. ಅಮೆರಿಕದ ಕಡೆಯ ಈ ಮುಳ್ಳುಗಿಡ ರಾಯಚೂರಿನಿಂದ ಕಚ್ಛ್‌ವರೆಗೆ ಒಣನೆಲವನ್ನೆಲ್ಲ ಹಿಡಿದಿದೆ. ಕಾಯಿಯನ್ನು ದನ ತಿಂದು, ಬೀಜ ಸಗಣಿಯಲ್ಲಿ ಬಿದ್ದು ಮೊಳೆಯುತ್ತದೆ. ಎರಡು ಮಳೆ ಕಂಡರೆ ಒಳಗೆ ನುಗ್ಗಲಾಗದ ಪೊದೆ. ನಿಷೇಧದ ಮೇಲೂ ಒಳಗೇ ಉಳಿದು ಕಾಡುಬಿದ್ದ ದನಗಳು ಇದನ್ನು ಇನ್ನಷ್ಟು ಹರಡಿದವು. ಊರ ಕರಿಜಾಲಿಯೇ ಬೇರೆ, ಇದೇ ಬೇರೆ. ನೀರಿನ ನಡುವಿನ ದಿಬ್ಬಗಳಲ್ಲಿ ನೆಟ್ಟ ಕರಿಜಾಲಿ ಮರಗಳ ಮೇಲೇ ಭರತಪುರದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿಗಳು ಸಾಲು ಸಾಲಾಗಿ ಗೂಡಿಡುತ್ತವೆ. ನಮ್ಮ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರದಲ್ಲೂ ಅದೇ ಕರಿಜಾಲಿ, ಅದೇ ಬಣ್ಣದ ಕೊಕ್ಕರೆ, ಅದೇ ಬಾಯ್ಕಳಕ. ಅಂಕಸಮುದ್ರ 2024ರಲ್ಲಿ ರಾಮ್ಸಾರ್ ತಾಣವಾದಾಗ ನನಗೆ ಮೊದಲು ಹೊಳೆದದ್ದು ಭರತಪುರವೇ. ಅಲ್ಲೂ ಜನ ಕಟ್ಟಿದ ಕೆರೆ, ಜನ ನೆಟ್ಟ ಮರ.

ಬಳ್ಳಾರಿ ಜಾಲಿ ತೆಗೆಸಿದ ರೀತಿ ನನಗೆ ಈ ಪ್ರಕರಣದಲ್ಲೇ ಹೆಚ್ಚು ಸಮಾಧಾನ ಕೊಟ್ಟ ಭಾಗ. 2007ರ ಸುಮಾರಿಗೆ ಅರಣ್ಯ ಇಲಾಖೆ ಸುತ್ತಲಿನ ಹಳ್ಳಿಯವರನ್ನೇ ಕರೆಯಿತು. ಬುಡಸಮೇತ ಕೀಳಿ, ಸೌದೆ ನೀವೇ ತೆಗೆದುಕೊಂಡು ಹೋಗಿ ಅಂದಿತು. ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಅದಕ್ಕೇ ಬುಡದ ಸುತ್ತ ಅಗೆದು ಗೆಡ್ಡೆ ಸಹಿತ ತೆಗೆಯಬೇಕು. ಬೆವರಿನ ಕೆಲಸ, ಆದರೆ ಸೌದೆಯ ಆಸೆಗೆ ಜನ ಮಾಡಿದರು. ಇಪ್ಪತ್ತೈದು ವರ್ಷದ ಹಿಂದೆ ಗುಂಡು ಹಾರಿದ ಗೇಟಿನೊಳಗೆ ಅದೇ ಹಳ್ಳಿಗಳವರು ಹಾರೆ, ಗುದ್ದಲಿ ಹಿಡಿದು ಬಂದರು. ದೊಡ್ಡ ಪ್ರದೇಶ ತೆರವಾಯಿತು, ಹುಲ್ಲುಗಾವಲು ಮತ್ತೆ ಬೆಳಕು ಕಂಡಿತು.

ಈಗ

2012ರ ಹೊತ್ತಿಗೆ ಗೋವರ್ಧನ ನಾಲೆಯಿಂದ ಸುಮಾರು 17 ಕಿಲೋಮೀಟರ್ ಪೈಪು ಹಾಕಿ ಮಳೆಗಾಲದ ನೀರು ತರುವ ವ್ಯವಸ್ಥೆ ಆಯಿತು. ಲೆಕ್ಕದ ಪ್ರಕಾರ ಅದರಿಂದ 350 ದಶಲಕ್ಷ ಘನ ಅಡಿ ಸಿಗಬೇಕು. ಚಂಬಲ್ ಕುಡಿಯುವ ನೀರಿನ ಯೋಜನೆಯಿಂದಲೂ ಒಂದಿಷ್ಟು ಬರುತ್ತದೆ. ಜೌಗು ಬದುಕಿದ್ದು ಇದರಿಂದ. ಇದನ್ನು ಸಣ್ಣದು ಮಾಡುವಂತಿಲ್ಲ.

ಆದರೆ ನೀರು ನೀರಿಗೂ ವ್ಯತ್ಯಾಸ ಇದೆ. ಗಂಭೀರ್ ನದಿ ಉಕ್ಕಿ ಬಂದಾಗ ಅದರ ಜೊತೆ ಮೀನುಮರಿ ಬರುತ್ತಿತ್ತು. ಮಳೆಗಾಲದಲ್ಲಿ ನೆರೆಯ ಜೊತೆ ಒಳಗೆ ಬರುತ್ತಿದ್ದ ಮರಿಗಳು ಸುಮಾರು ಆರೂವರೆ ಕೋಟಿ ಎಂದು ಅಂದಾಜಿದೆ. ಹುಲ್ಲಿನ ಬೀಜ, ಗಡ್ಡೆ, ಬಸವನಹುಳು, ಫಲವತ್ತಾದ ಗೋಡು ಮಣ್ಣು ಎಲ್ಲ ಅದರೊಂದಿಗೇ. ಕುಡಿಯುವ ನೀರಿನ ಕೊಳವೆಯಲ್ಲಿ ಇವು ಬರುವುದಿಲ್ಲ. ಒಂದು ಗೂಡಿನಲ್ಲಿ ಮೂರ್ನಾಲ್ಕು ಮರಿ ಇಟ್ಟುಕೊಂಡ ಬಣ್ಣದ ಕೊಕ್ಕರೆಗೆ ಬೇಕಾದದ್ದು ಬರೀ ನೀರಲ್ಲ, ಆ ನೀರಿನಲ್ಲಿ ಬೆರಳುದ್ದದ ಮೀನು.

ಮಾಂಟ್ರೋ ದಾಖಲೆಯಲ್ಲಿ ಕಿಯೋಲಾದೇವ್ ಹೆಸರು 1990ರಲ್ಲಿ ಸೇರಿದ್ದು ಇನ್ನೂ ಹೊರಬಂದಿಲ್ಲ. ಎಮ್ಮೆಯ ಪ್ರಶ್ನೆಯೂ ಹಾಗೇ ನಿಂತಿದೆ. ಹುಲ್ಲು ಕೊಯ್ಯುವುದು, ಕೀಳುವುದು, ಹೂಳು ತೆಗೆಯುವುದು ಎಲ್ಲ ಕೈಯಿಂದ, ಯಂತ್ರದಿಂದ, ಹಣದಿಂದ ನಡೆಯಬೇಕು. ಹಿಂದೆ ಈ ಕೆಲಸದ ಬಹುಪಾಲನ್ನು ಹಾಲು ಕೊಡುವ ಪ್ರಾಣಿಗಳು ಮಾಡುತ್ತಿದ್ದವು. ಒಂದು ಸಣ್ಣ ಭಾಗದಲ್ಲಾದರೂ, ಎಣಿಸಿದಷ್ಟು ಎಮ್ಮೆಗಳನ್ನು, ಗೊತ್ತುಮಾಡಿದ ತಿಂಗಳುಗಳಲ್ಲಿ ಬಿಟ್ಟು ನೋಡಲು ಕಾಯ್ದೆಯಲ್ಲಿ ಜಾಗ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಬರೆದಿಟ್ಟುಕೊಂಡು ಮಾಡಲಿ, ಹಕ್ಕಿ ಎಣಿಸುವವರೂ ಹಾಲು ಕರೆಯುವವರೂ ಇಬ್ಬರೂ ಕೂತು ಮಾಡಲಿ.

ಭರತಪುರಕ್ಕೆ ಹೋಗುವವರು ಸಾಮಾನ್ಯವಾಗಿ ಚಳಿಗಾಲದಲ್ಲಿ ಹೋಗುತ್ತಾರೆ, ಹೊರಗಿನಿಂದ ಬರುವ ಬಾತುಕೋಳಿ, ಹೆಬ್ಬಾತು ನೋಡಲು. ಸಾಧ್ಯವಾದರೆ ಒಮ್ಮೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಿ. ಸೆಕೆ ಇರುತ್ತದೆ, ಸೊಳ್ಳೆ ಕಚ್ಚುತ್ತದೆ. ಒಳಗಿನ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ಕರಿಜಾಲಿ ಮರಗಳನ್ನು ನೋಡಿ. ಬಣ್ಣದ ಕೊಕ್ಕರೆ ಹಸಿ ಕಡ್ಡಿ ಕಚ್ಚಿಕೊಂಡು ಬಂದು ಜೋಡಿಯ ಮುಂದೆ ಇಡುತ್ತಿದ್ದರೆ, ಆ ವರ್ಷ ನೀರು ಬಂದಿದೆ, ಆ ನೀರಿನಲ್ಲಿ ಮೀನಿದೆ.